ಸೊಂಡಿಲು ಕಳಚಿದ ಆನೆಗಳು

ಪ್ರಿಂಟರಿನಿಂದ ಆಗಷ್ಟೇ ಹೊರಬಿದ್ದ ಹಾಳೆಗೆ ಒಂದು ವಾಸನೆ ಇರುತ್ತದೆ, ನೀವು ಗಮನಿಸಿದ್ದೀರೋ ಇಲ್ಲವೋ. ಇಸ್ತ್ರಿ ಅಂಗಡಿಯ ಮುಂದೆ ಹಾದುಹೋಗುವಾಗ ಬರುವಂಥ ಬಿಸಿ ವಾಸನೆ. ಇವತ್ತು ಬೆಳಿಗ್ಗೆ ಪುಣೆಯ ಖರಾಡಿಯ ನಮ್ಮ ಮನೆಯಲ್ಲಿ ಅದು ಎದ್ದ ಕೂಡಲೇ ಹಾಳೆಯನ್ನು ಮೂಗಿಗೆ ಹಿಡಿದು ನಿಂತೆ. ವಯಸ್ಸಾದ ಗಂಡಸು ಹೀಗೆ ಕಾಗದ ಮೂಸುತ್ತ ನಿಂತರೆ ಡಾಕ್ಟರಿಗೆ ತೋರಿಸಬೇಕಾಗುತ್ತದೆ ಎಂದಳು ಹೆಂಡತಿ. ಅವಳ ಮಾತಿನಲ್ಲಿ ತಪ್ಪಿಲ್ಲ. ಆದರೆ ಆ ವಾಸನೆಗೆ ನನಗೆ ಈಗಲೂ ವೈನಿ ನೆನಪಾಗುತ್ತಾರೆ. ಅವರೇನು ದೂರ ಇಲ್ಲ, ಕೆಳಗಿನ ಮಹಡಿಯಲ್ಲೇ ಅವರ ಮನೆ. ನೆನಪಾಗುವವರು ಕೆಲವು ವರ್ಷದ ಹಿಂದೆ ನಮ್ಮ ಊಟದ ಮೇಜಿನ ಮೇಲೆ ಪ್ರಿಂಟರ್ ಇಟ್ಟುಕೊಂಡು ಅದರೊಂದಿಗೆ ಹಟಕ್ಕೆ ಬಿದ್ದಿದ್ದ ವೈನಿ.

ವೈನಿ ಎಂದರೆ ನಮ್ಮ ಧಾರವಾಡದ ಕಡೆ ಅತ್ತಿಗೆ, ಅಣ್ಣನ ಹೆಂಡತಿ. ಅವರು ಮದುವೆಯಾಗಿ ಪುಣೆಗೆ ಬಂದಾಗ ನಾವೆಲ್ಲ ಕ್ಯಾಂಪ್ ಬಡಾವಣೆಯ ಎರಡು ಕೋಣೆಯ ಮನೆಯಲ್ಲಿದ್ದೆವು. ಕಿಟಕಿಯ ಕೆಳಗೆ ಬೇಕರಿ, ಪಕ್ಕದಲ್ಲಿ ಟೇಲರ್ ಅಂಗಡಿ, ಬಾಗಿಲು ತೆಗೆದರೆ ಮರಾಠಿ, ಮುಚ್ಚಿದರೆ ಕನ್ನಡ. ವೈನಿ ಅಡುಗೆ ಮುಗಿಸಿ ಕಿಟಕಿಯ ಬಳಿ ಕಸೂತಿ ಹಾಕುತ್ತ ಕೂಡುತ್ತಿದ್ದರು. ಅವರ ಕಪ್ಪು ಸೀರೆಯ ಸೆರಗಿನ ಆನೆ, ಗೋಪುರ, ತೊಟ್ಟಿಲುಗಳನ್ನು ನೋಡಿ ಅಕ್ಕಪಕ್ಕದ ಹೆಂಗಸರು 'ನಮಗೂ ಕಲಿಸಿ' ಎಂದರು. ಹೀಗೆ ಶುರುವಾದ ಕ್ಲಾಸು ನಾವು ಖರಾಡಿಗೆ ಬಂದ ಮೇಲೂ ನಿಲ್ಲಲಿಲ್ಲ. ಐಟಿ ಕಂಪನಿಯ ಹುಡುಗಿಯರು, ಮರಾಠಿ ಅಜ್ಜಿಯರು, ಶಿರೂರಿನಿಂದ ಬಸ್ಸು ಹಿಡಿದು ಬರುವ ಒಬ್ಬ ಟೀಚರು, ಎಲ್ಲರೂ ನಮ್ಮ ಹೌಸಿಂಗ್ ಸೊಸೈಟಿಯ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಎಳೆ ಎಣಿಸುತ್ತ ಕೂತಿರುತ್ತಿದ್ದರು. ಆ ಕಡೆಯಿಂದ ಹೋಗುವ ನಾನು ಸುಮ್ಮನೆ ಒಮ್ಮೆ ಇಣುಕಿ, 'ಅವರು ನಮ್ಮ ವೈನಿ' ಎಂದು ವಾಚ್‌ಮನ್‌ಗೂ ಹೇಳಿ ಬರುತ್ತಿದ್ದೆ. ಜಂಬ ಅನ್ನುತ್ತೀರೇನು? ಅನ್ನಿ.

ಕಸೂತಿಯ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬಟ್ಟೆಯ ಮೇಲೆ ಪೆನ್ಸಿಲ್ ಆಡಿಸುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಎಣಿಸಿದ ಎಳೆಗಳ ಒಂದು ಮನೆ ಹೊಲಿದು ಒಂದು ಮನೆ ಬಿಡುತ್ತ ಮುಂದೆ ಹೋಗುತ್ತದೆ, ಬಿಟ್ಟ ಮನೆಗಳನ್ನು ತುಂಬುತ್ತ ಹೊರಟಲ್ಲಿಗೇ ವಾಪಸು ಬರುತ್ತದೆ. ಗಂಟು ಹಾಕಿದರೆ ಅದು ಕಸೂತಿಯೇ ಅಲ್ಲ. ಹೊಸಬರಿಗೆ ವೈನಿ ಹೇಳುತ್ತಿದ್ದ ಮೊದಲ ಮಾತು, "ಎಣಸ್ರಿ. ತಲಿ ಓಡಸಬ್ಯಾಡ್ರಿ." ಈ ಮಾತೇ ಆಮೇಲೆ ನಮಗೆ ತಿರುಗಿಬಿತ್ತು.

ನಾನು ಹೇಳುತ್ತಿರುವ ಆ ವರ್ಷ ವೈನಿಯ ಕಣ್ಣು ಮಂಜಾಗತೊಡಗಿತು. ಪೊರೆ ಇರಬೇಕು, ತೆಗೆಸಿದರಾಯಿತು ಎಂದುಕೊಂಡಿದ್ದೆವು. ಡಾಕ್ಟರು ನೋಡಿ, ಇದು ಕಣ್ಣೊಳಗಿನ ಪರದೆಯ ತೊಂದರೆ, ಇದ್ದಷ್ಟು ದೃಷ್ಟಿ ಉಳಿಸಿಕೊಳ್ಳೋಣ, ಹೋದದ್ದು ಬರುವುದಿಲ್ಲ ಎಂದರು. ವೈನಿ ಅಳಲಿಲ್ಲ. ಮನೆಗೆ ಬಂದವರೇ ತಾಯಿಯಿಂದ ಕಲಿತ ವಿನ್ಯಾಸಗಳನ್ನೆಲ್ಲ ಗ್ರಾಫ್ ಹಾಳೆಗಳ ಮೇಲೆ ಬರೆಯಲು ಕೂತರು. ಮುಗಿದ ಮೇಲೆ ಕಟ್ಟನ್ನು ನನ್ನ ಮುಂದಿಟ್ಟು, "ತಮ್ಮಾ, ಇವು ಎಲ್ಲಾರ ಚೀಲದಾಗೂ ಇರಬೇಕು. ನನಗ ಕಾಣೂದು ನಿಂತ್ರ ಕ್ಲಾಸ್ ನಿಲ್ಲಬಾರದು," ಅಂದರು.

ಕಂಪನಿಯೊಂದರ ಸ್ಟೋರ್ಸ್ ವಿಭಾಗದಲ್ಲಿ ಜೀವನ ಕಳೆದವನು ನಾನು. ಪ್ರಿಂಟರ್ ಎಂದರೆ ನನ್ನ ಎಡಗೈ ಕೆಲಸ ಎಂಬ ಭ್ರಮೆ. ವಿನ್ಯಾಸಗಳನ್ನು ಸ್ಕ್ಯಾನ್ ಮಾಡಿ, ಪುಟಕ್ಕೊಂದರಂತೆ ಕೂಡಿಸಿದೆ. ದೊಡ್ಡ ಹಾಳೆ ಮಡಚಿದರೆ ಮಡಿಕೆಯ ಮೇಲೆ ಗೆರೆ ಅಳಿಸಿಹೋಗುತ್ತದೆ, ಪರ್ಸಿನಲ್ಲಿ ಹಿಡಿಯುವಂತೆ ಕೊಡಿ ಎಂದು ಹೆಂಗಸರು ಕೇಳಿದ್ದರು. ಸರಿ, ಒಂದು ಹಾಳೆಗೆ ನಾಲ್ಕು ಪುಟ ಎಂದು ಗುಂಡಿ ಒತ್ತಿದೆ. ಸರಸರ ಬಂದ ಹಾಳೆಗಳನ್ನು ನಾಲ್ಕು ತುಂಡು ಮಾಡಿ ಹಂಚಿಯೂಬಿಟ್ಟೆ. ಒಂದೂ ಹಾಳೆಯನ್ನು ಕಣ್ಣಿಟ್ಟು ನೋಡಿರಲಿಲ್ಲ.

ಮುಂದಿನ ಕ್ಲಾಸಿಗೆ ಎಲ್ಲರೂ ಬಟ್ಟೆಯ ಮೇಲೆ ಆನೆ ಹಾಕಿಕೊಂಡು ಬಂದರು. ಎಲ್ಲರ ಆನೆಗೂ ಸೊಂಡಿಲಿನ ತುದಿ ಮುಖದಿಂದ ಕಳಚಿ ಗಾಳಿಯಲ್ಲಿ ತೇಲುತ್ತಿತ್ತು! ಒಬ್ಬರದಾದರೆ ಕೈತಪ್ಪು ಅನ್ನಬಹುದು. ಸಾಲಾಗಿ ಅಷ್ಟೂ ಆನೆಗಳು. ಮರಾಠಿ ಅಜ್ಜಿಯೊಬ್ಬರಂತೂ ಇದು ಹೊಸ ಫ್ಯಾಶನ್ ಇರಬೇಕೆಂದು ಸೊಸೆಗೂ ಹೇಳಿದ್ದರಂತೆ. ವೈನಿಗೆ ಅದು ಕಣ್ಣಿಗಿಂತ ಮೊದಲು ಬೆರಳಿಗೆ ಸಿಕ್ಕಿತು. ರೇಣುಕಾ ಎಂಬವಳ ಬಟ್ಟೆಯ ಹಿಂಬದಿ ಸವರಿದವರು ಸೊಂಡಿಲಿನ ಹತ್ತಿರ ಬೆರಳು ನಿಲ್ಲಿಸಿದರು.

"ಏನ ಇದು? ಗಂಟು?"

ರೇಣುಕಾ ರಾಯಚೂರು ಕಡೆಯವಳು. ಗಂಡ ಪಕ್ಕದ ಕಟ್ಟಡದ ಕೆಲಸಕ್ಕೆ ಬಂದವನು. ಕ್ಲಾಸಿಗೆ ಸೇರಿ ಆಗಿನ್ನೂ ಸ್ವಲ್ಪ ದಿನವಾಗಿತ್ತು. ಪಾಪ, ಚೀಲದಿಂದ ಹಾಳೆಗಳನ್ನು ತೆಗೆದು ತೋರಿಸಿದಳು.

"ಸೂಜಿ ಅಲ್ಲಿಗೆ ಹೋಗಾಕ ದಾರೀನ ಇರಲಿಲ್ರಿ ಅಕ್ಕಾರ. ಹಾಳ್ಯಾಗ ಹಂಗ ಇತ್ತು. ನೀವು ತಲಿ ಓಡಸಬ್ಯಾಡ್ರಿ ಅಂದಿದ್ರಿ..."

ವೈನಿ ಆ ಬಟ್ಟೆಯನ್ನೂ ಹಾಳೆಗಳನ್ನೂ ಹಿಡಿದುಕೊಂಡು ನೇರ ನಮ್ಮ ಮನೆಗೆ ಬಂದರು. ನಾನು ಪೇಪರ್ ಓದುತ್ತಿದ್ದೆ.

"ಏನಪಾ, ಆನಿ ಸೊಂಡಿ ಎಲ್ಲಿ ಇಟ್ಟೀ?"

ಹಾಳೆಗಳನ್ನು ನೋಡಿದ ನನ್ನ ಮುಖ ಹುಳ್ಳಗಾಯಿತು. ಗೆರೆಗಳು ಅಲ್ಲಲ್ಲಿ ಮಾಯ, ಗ್ರಾಫಿನ ಚೌಕಗಳು ಒಂದು ಕಡೆ ಕಪ್ಪು ಮುದ್ದೆ, ಇನ್ನೊಂದು ಕಡೆ ಇಲ್ಲವೇ ಇಲ್ಲ. ಗೋಪುರವಿರಬೇಕಾದ ಜಾಗದಲ್ಲಿ ಖಾಲಿ ಚೌಕಟ್ಟು. ಪ್ರಿಂಟರ್ ಕೆಟ್ಟಿದೆ ಎಂದೆ. ಮಸಿಯ ಡಬ್ಬಿ ತೆಗೆದು ಅಲ್ಲಾಡಿಸಿದೆ, ಕಾಗದ ಬದಲಿಸಿದೆ, ವೈರು ಕಿತ್ತು ಮತ್ತೆ ಚುಚ್ಚಿದೆ, ಕೊನೆಗೆ ಎರಡು ಪೆಟ್ಟು ಹಾಕಿದೆ. ಒಟ್ಟಿಗೆ ಎಲ್ಲವನ್ನೂ ಮಾಡಿದ್ದರಿಂದ ಯಾವುದರಿಂದ ಏನಾಯಿತು ಎಂಬುದೇ ತಿಳಿಯದಂತಾಯಿತು. ಹೊಸ ಪ್ರಿಂಟರ್ ತರುತ್ತೇನೆಂದು ಚಪ್ಪಲಿ ಮೆಟ್ಟಿದೆ.

"ಕೂಡು ಇಲ್ಲೆ," ಅಂದರು ವೈನಿ. "ಎಣಿಕಿ ತಪ್ಪಿದ್ರ ನಾವು ಸೀರಿ ಒಗದು ಹೊಸಾದ್ ತರತೀವೇನು? ಒಂದೊಂದ ಮನಿ ಹಿಂದ ಬಂದು ಎಲ್ಲಿ ತಪ್ಪೇದ ನೋಡತೀವಿ. ನೀನೂ ಹಿಂದ ಬಾ."

ಹಾಗೆ ಹಿಂದೆ ಬಂದೆವು. ಮೊದಲು ಆನೆಯ ಪುಟ ಒಂದನ್ನೇ ಇಡೀ ಹಾಳೆಗೆ ಹಾಕಿದೆವು. ಸೊಂಡಿಲು ಸರಿಯಾಗಿತ್ತು. ಅಂದರೆ ಚಿತ್ರದಲ್ಲಿ ದೋಷವಿಲ್ಲ, ಪ್ರಿಂಟರಿನಲ್ಲೂ ಇಲ್ಲ. ಎರಡು ಪುಟ ಹಾಕಿದರೆ ಗೆರೆ ತೆಳುವಾಯಿತು, ನಾಲ್ಕು ಹಾಕಿದರೆ ಮಾಯ. ಕುಗ್ಗಿಸುವುದರಲ್ಲೇ ಕಳೆದುಹೋಗುತ್ತಿದೆ ಎಂದು ನಾನು ಹೇಳಿದಾಗ, "ಈಗ ತಿಳೀತು ನೋಡು," ಎಂದು ನನ್ನ ಬೆನ್ನು ತಟ್ಟಿದರು. ಶಾಲೆಯಲ್ಲಿ ಕೂಡ ನನಗೆ ಅಂಥ ಶಾಬಾಸ್‌ಗಿರಿ ಸಿಕ್ಕಿರಲಿಲ್ಲ.

ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ, ಅದು ವೈನಿಯ ಕಟ್ಟಪ್ಪಣೆ. ಪ್ರಿಂಟರಿನ ಸೆಟ್ಟಿಂಗಿನಲ್ಲಿ ಮಸಿ ಉಳಿಸುವ ಗುರುತನ್ನು ನಾನೇ ಯಾವತ್ತೋ ಹಾಕಿಟ್ಟಿದ್ದೆ, ತೆಗೆದೆ. ಗೆರೆಗೆ ಸ್ವಲ್ಪ ಜೀವ ಬಂತು. ಗೋಪುರದ ಖಾಲಿ ಚೌಕಟ್ಟು ತುಂಬಲಿಲ್ಲ. ಕಡತವನ್ನು ಪಿಡಿಎಫ್ ಮಾಡಿ, ಪುಟವನ್ನು ಚಿತ್ರವೆಂದೇ ತಿಳಿದು ಅಚ್ಚು ಹಾಕು ಎಂಬ ಆಯ್ಕೆ ಕೊಟ್ಟೆ. ಗೋಪುರ ಎದ್ದು ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ಆದರೆ ಗ್ರಾಫಿನ ಸಣ್ಣ ಗೆರೆಗಳು ಮಾತ್ರ ಏನು ಮಾಡಿದರೂ ಒಂದಿದ್ದರೆ ಒಂದಿಲ್ಲ. ಅಷ್ಟು ಸಣ್ಣದು ಅಷ್ಟು ಚಿಕ್ಕ ಜಾಗದಲ್ಲಿ ಉಳಿಯುವುದೇ ಇಲ್ಲ ಎಂದು ನಾನು ಕೈಚೆಲ್ಲಿದೆ.

ವೈನಿ ಹಾಳೆಯ ಮೇಲೆ ಬೆರಳಾಡಿಸಿದರು. ಆಮೇಲೆ, "ಚೌಕದ ಗೆರಿ ಯಾಕ ಬೇಕು? ಸೂಜಿ ಹೋಗೂದು ತೂತಿನಾಗ. ತೂತಿದ್ದಲ್ಲೆ ಚುಕ್ಕಿ ಇಡೋಣು," ಅಂದರು.

ಅಂದರೆ ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಕಣ್ಣಿಗೆ ಆಯಾಸ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದನ್ನು ನಾನು ನೆನಪಿಸಿದೆ. "ಉಳಿಸಿದ ಕಣ್ಣು ಇಟಗೊಂಡು ಏನ ಮಾಡಲಿ? ಹೊರಗ ಕ್ರೇನ್ ನೋಡಕೋತ ಕೂಡಲೇನು?" ಎಂದು ನಕ್ಕರು. ನಾನು ನಗಲಿಲ್ಲ. ಆದರೆ ಹೆಮ್ಮೆಯಾಯಿತು ಎಂದರೆ ನೀವು ನಂಬಬೇಕು.

ಕೆಲಸ ಹಂಚಿಕೊಂಡೆವು. ಚುಕ್ಕಿ ಇಡುವುದು ನನ್ನ ಪಾಲು. ವೈನಿ ಬಾಲ್ಕನಿಯ ಬೆಳಕಿನಲ್ಲಿ, ಭೂತಗನ್ನಡಿ ಹಿಡಿದು, ದಪ್ಪ ಪೆನ್ನಿನಿಂದ ವಿನ್ಯಾಸದ ಗೆರೆ ಎಳೆಯುವರು. ಕಣ್ಣು ನೀರಾಡಿದರೆ ಮುಚ್ಚಿಕೊಂಡು, ಬಾಯಲ್ಲೇ ಎಣಿಕೆ ಹೇಳುವರು, ನಾನು ಎಳೆಯಬೇಕು. ನನ್ನ ಮೊದಲ ನವಿಲನ್ನು ನೋಡಿ ಹೆಂಡತಿ ಇದು ಕೋಳಿಯೋ ಎಂದು ಕೇಳಿದಳು. ಅಚ್ಚಾದ ಪ್ರತಿ ತುಂಡಿನ ಮೇಲೂ ನಾನು ಪೆನ್ಸಿಲಿನಿಂದ ಸೂಜಿಯ ದಾರಿ ನಡೆದು ನೋಡಬೇಕಿತ್ತು. ಹೋಗಬೇಕು, ತಿರುಗಿ ಬರಬೇಕು, ಎಲ್ಲೂ ಸಿಕ್ಕಿಕೊಳ್ಳಬಾರದು. ಮಾಗಿಯಲ್ಲಿ ಶುರುವಾದದ್ದು ಮಾವಿನಹಣ್ಣಿನ ಕಾಲಕ್ಕೆ ಮುಗಿಯಿತು. ನಾಲ್ಕು ಪುಟ ಒಂದು ಹಾಳೆಯಲ್ಲಿ ಕೂತವು, ಒಂದು ಚುಕ್ಕಿಯೂ ತಪ್ಪಲಿಲ್ಲ. ಮತ್ತೆ ಹಂಚುವ ದಿನ ವೈನಿ ಕ್ಲಾಸಿನವರಿಗೆ ಹೇಳಿದ್ದು, "ಇನ್ನ ಮ್ಯಾಲೆ ತಲೀನೂ ಓಡಸ್ರಿ. ಹಾಳಿ ತಪ್ಪಿದ್ರ ನನ್ನ ಕೇಳ್ರಿ, ನಾನು ತಪ್ಪಿದ್ರ ನನಗ ಹೇಳ್ರಿ."

ಈಗ ವೈನಿಗೆ ಎದುರಿಗಿರುವವರ ಮುಖ ಕಾಣುವುದಿಲ್ಲ, ಸುತ್ತಲಿನ ಅಂಚುಗಳು ಮಾತ್ರ ಕಾಣುತ್ತವೆ. ಕ್ಲಾಸಿಗೆ ಹೋಗುತ್ತಾರೆ, ಕುರ್ಚಿಯಲ್ಲಿ ಕೂಡುತ್ತಾರೆ. ಚಾಪೆಯ ಮೇಲೆ ಕೂತು ಹೊಸಬರಿಗೆ ಸೂಜಿ ಹಿಡಿಸುವವಳು ರೇಣುಕಾ.

ಇವತ್ತು ಬೆಳಿಗ್ಗೆ ಅವಳೇ ವೈನಿಯ ಕೈಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಚುಕ್ಕಿಯ ಹಾಳೆಯ ಮೇಲೆ ತಾನೇ ಒಂದು ವಿನ್ಯಾಸ ಬರೆದಿದ್ದಳು. ಉದ್ದ ಕತ್ತು, ಅಡ್ಡ ತೋಳು, ತೋಳಿನ ತುದಿಗೆ ತೂಗುವ ಕೊಂಡಿ. ಕಟ್ಟಡದ ಮೇಲಿನ ಕ್ರೇನು! ಸೆರಗಿಗೆ ಕ್ರೇನೇ ಎಂದು ನನ್ನ ಬಾಯಿಗೆ ಬಂದಿತ್ತು.

"ಯಾಕಾಗಬಾರದು?" ಅಂದರು ವೈನಿ, ನಾನಿನ್ನೂ ಬಾಯಿ ತೆರೆಯುವ ಮೊದಲೇ. "ತೊಟ್ಟಿಲಾ ಹಾಕಿದವರು ತಮ್ಮ ಮನ್ಯಾಗ ಕಂಡದ್ದು ಹಾಕಿದ್ರು. ಈಕಿ ದಿನಾ ಕಾಣೂದು ಹಾಕ್ಯಾಳ. ಇದನ್ನೂ ಸೇರಸು."

ಹಳೆಯ ಮೂರು ಪುಟದ ಜೊತೆ ಇದನ್ನಿಟ್ಟು ಗುಂಡಿ ಒತ್ತುವವನಿದ್ದೆ. ವೈನಿ ತಡೆದರು.

"ಕೆಳಗ ಆಕಿ ಹೆಸರ ಹಾಕು. ಯಾರೂ ಹಾಕೋದಿಲ್ಲ, ನಮ್ಮವ್ವನ ಹೆಸರೂ ಎಲ್ಲೂ ಇಲ್ಲ. ಇಲ್ಲಿಂದ ಶುರು ಆಗಲಿ."

ರೇಣುಕಾ ತಲೆ ತಗ್ಗಿಸಿ ನಿಂತಳು. ಆಮೇಲೆ ಮೆಲ್ಲಗೆ, "ಅಕ್ಕಾರ ಹೆಸರೂ ಹಾಕ್ರಿ. ಅವರ ಪುಟದ ಕೆಳಗ," ಅಂದಳು. ವೈನಿ ಬೇಡವೆನ್ನಲಿಲ್ಲ.

ಹಾಳೆ ಬಿಸಿಬಿಸಿಯಾಗಿ ಹೊರಗೆ ಬಂತು. ನಾನದನ್ನು ಮೂಸಿ, ಹೆಂಡತಿಯಿಂದ ಬೈಸಿಕೊಂಡು, ವೈನಿಯ ಕೈಗೆ ಕೊಟ್ಟೆ. ಅವರು ಅದನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಕೊನೆಗೆ ರೇಣುಕಾಳ ಕಡೆ ಚಾಚಿದರು.

"ಅಕ್ಷರ ಎಲ್ಲಾ ಮೂಡ್ಯಾವೇನು?"

ರೇಣುಕಾ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಮೊದಲು ವೈನಿಯ ಹೆಸರು ಓದಿದಳು, ಆಮೇಲೆ ತನ್ನದು.