ಮೂವತ್ತೊಂದನೇ ನಂಬರಿನ ಮುದ್ರೆ

ಕಾರಿನೊಳಗೆ ಕೂತು ಮೇಲಿಂದ ನೀರು ಹೊಯ್ಯಿಸಿಕೊಳ್ಳುವುದು ಬರ್ನಡೆಟ್ ಕೊಪೆರಾಳ ಕೆಲಸ. ಡೆಟ್ರಾಯಿಟ್‌ನ ಪೂರ್ವದ ಕಡೆ ಇರುವ ಆ ಕಾರ್ಖಾನೆಯಲ್ಲಿ, ಹೊಸ ಕಾರು ಸಾಲಿನ ಕೊನೆಗೆ ಬಂದ ಮೇಲೆ ಅದನ್ನು ತಗಡಿನ ಗೂಡಿನಲ್ಲಿ ನಿಲ್ಲಿಸಿ ನಾಲ್ಕು ನಿಮಿಷ ಎಲ್ಲ ದಿಕ್ಕಿನಿಂದ ನೀರು ಹೊಡೆಯುತ್ತಿದ್ದರು. ಒಳಗೆ ಟಾರ್ಚು ಹಿಡಿದು ಬರ್ನಡೆಟ್. ಎಲ್ಲಾದರೂ ಹನಿ ಕಂಡರೆ ಹಳದಿ ಚೀಟಿ ಬರೆದು ಕನ್ನಡಿಗೆ ಕಟ್ಟಬೇಕು. ಕಾರು ರಿಪೇರಿಗೆ ಹೋಗುತ್ತದೆ, ಚೀಟಿಯ ನಕಲು ಆ ಕೆಲಸ ಮಾಡಿದವನ ಜಾಗಕ್ಕೆ ಹೋಗುತ್ತದೆ. ಹನಿ ಕಾಣದಿದ್ದರೆ ಕಾರಿನ ಕಾಗದದ ಮೇಲೆ ತನ್ನ ಮುದ್ರೆ ಒತ್ತಬೇಕು. ಅವಳ ಮುದ್ರೆಯ ನಂಬರು ಮೂವತ್ತೊಂದು.

ಡೆಟ್ರಾಯಿಟ್‌ಗೆ ಅಂಟಿಕೊಂಡ ಹ್ಯಾಮ್‌ಟ್ರ್ಯಾಮಿಕ್‌ನಲ್ಲಿ ಮಾಂಸದಂಗಡಿ ಇಟ್ಟಿದ್ದ ಪೋಲಿಷ್ ಮನೆಯ ಕೊನೆ ಮಗಳು ಅವಳು. ಚಿಕ್ಕಂದಿನಿಂದಲೂ ಹೆದರುಪುಕ್ಕಲಿ. ಶಾಲೆಗೆ ಹೊರಟರೆ ಅಗುಳಿ ಹಾಕಿದೆಯೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬಂದು ನೋಡುವಂಥವಳು. ಇಪ್ಪತ್ತೆರಡರಲ್ಲಿ ಕಾರ್ಖಾನೆ ಸೇರಿದಾಗ ಮೊದಲು ಸೀಟಿನ ಹೊಲಿಗೆಗೆ ಹಾಕಿದರು. ಅಲ್ಲಿ ಹೊಲಿದದ್ದನ್ನೇ ಮೂರು ಸಲ ಮುಟ್ಟಿ ನೋಡುತ್ತಾಳೆಂದು ಬೈದರು. ಆ ಗುಣವನ್ನು ಗುರುತಿಸಿದವನು ಮೇಸ್ತ್ರಿ ಹಾರ್ಲನ್ ಪೀವಿ. ಕೆಂಟಕಿಯ ಬೆಟ್ಟದ ಕಡೆಯಿಂದ ಬಂದವನು, ಒರಟ.

“ನಿನ್ನಂಥ ಅನುಮಾನದ ಹೆಣ್ಣು ನೀರಿನ ಗೂಡಿಗೇ ಸರಿ ಕಣಮ್ಮ,” ಎಂದಿದ್ದ. “ನಿನ್ನ ಗಂಡ ಹೇಗೆ ಬಾಳ್ತಾನೋ ದೇವರಿಗೇ ಗೊತ್ತು.”

ಗಂಡ ಲೆನ್ ಕೂಡ ಅದೇ ಕಾರ್ಖಾನೆಯವನು. ಜನ ಜಪಾನಿ ಕಾರು ಕೊಳ್ಳಲು ಶುರು ಮಾಡಿದ ಮೇಲೆ ಹಿಂದಿನ ಬೇಸಿಗೆಯಲ್ಲಿ ಎರಡನೇ ಪಾಳಿಯನ್ನೇ ಮುಚ್ಚಿದರು. ಲೆನ್ ಮನೆಯಲ್ಲಿ ಕೂತ. ಈಗ ಮೂರು ವರ್ಷದ ಮಗಳು ರೀಟಾಗೆ ತಲೆ ಬಾಚುವವನು ಅವನೇ. ಉಳಿದ ಒಂದೇ ಪಾಳಿಯಲ್ಲಿ ಆ ಮನೆಯಿಂದ ಇಬ್ಬರು ಹೋಗುತ್ತಿದ್ದರು: ಬರ್ನಡೆಟ್, ಮತ್ತು ಮಹಡಿಯ ಮೇಲಿದ್ದ ಮಾವ ಕಾಜಿಮಿರ್.

ಮಾವ ಮುಂಗಾಜು ಕೂರಿಸುವವರು. ಗಾಜಿನ ಚೌಕಟ್ಟಿನ ಸುತ್ತ ಕಪ್ಪು ಅಂಟನ್ನು ಹಗ್ಗದಂತೆ ಎಳೆದು, ಅದರ ಮೇಲೆ ಗಾಜು ಇಟ್ಟು, ಅಂಗೈಯಿಂದ ಒತ್ತಿ ಕೂರಿಸುವ ಕೆಲಸ. ಬರುವ ಮೇ ಹನ್ನೊಂದಕ್ಕೆ ಅವರ ಸೇವೆಗೆ ಮೂವತ್ತು ವರ್ಷ. ಮೂವತ್ತು ತುಂಬಿದರೆ ಪೂರಾ ಪಿಂಚಣಿ. ಅದಕ್ಕೆ ಮೊದಲೇ ಕಾರ್ಖಾನೆ ಮುಚ್ಚಿದರೆ ಸಿಗುವುದು ಅರೆಬರೆ. ಕೆಲಸ ಕಳೆದುಕೊಂಡ ಮಗ, ಮೊಮ್ಮಗಳು, ಸೊಸೆ ಎಲ್ಲರೂ ಆ ಒಂದು ತಾರೀಖಿನ ಕಡೆ ಮುಖ ಮಾಡಿ ಕೂತಿದ್ದರು. ಬರ್ನಡೆಟ್ ಅಡುಗೆಮನೆಯ ಕ್ಯಾಲೆಂಡರನ್ನು ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದಳು, ನೋಡಿದರೆ ದಿನ ಬೇಗ ಸರಿಯುತ್ತದೆಯೋ ಎನ್ನುವ ಹಾಗೆ.

ಫೆಬ್ರವರಿ ಎರಡನೇ ವಾರದಲ್ಲಿ ಮೊದಲ ಹನಿ ಕಂಡಿತು. ಮುಂಗಾಜಿನ ಬಲಗಡೆಯ ಕೆಳಮೂಲೆ. ಮರುದಿನ ಇನ್ನೆರಡು ಕಾರು, ಅದೇ ಮೂಲೆ. ಮೂರಕ್ಕೂ ಚೀಟಿ ಕಟ್ಟಿದಳು. ಆ ಸಂಜೆ ಮಾವ ರೀಟಾಗೆ ಕೋಟು ಹಾಕುತ್ತಿದ್ದರು. ಗುಂಡಿಯನ್ನು ತೂತಿನ ಹತ್ತಿರ ಒಯ್ಯುತ್ತಾರೆ, ಅದು ಜಾರುತ್ತದೆ. ಮತ್ತೆ ಒಯ್ಯುತ್ತಾರೆ, ಮತ್ತೆ ಜಾರುತ್ತದೆ.

“ಜಾಜಾಗೆ ಗುಂಡಿ ಹಾಕೋಕೇ ಬರಲ್ಲ,” ಎಂದಳು ರೀಟಾ. ಅಜ್ಜನನ್ನು ಅವರ ಮಂದಿಯ ಮಕ್ಕಳೆಲ್ಲ ಕರೆಯುವುದು ಹಾಗೇ.

“ಗುಂಡಿ ಗುಂಡಿಯಾಗಿದ್ರೆ ತಾನೇ? ನಿಮ್ಮಮ್ಮ ಬಟಾಣಿ ಕಾಳು ಹೊಲ್ದಿದಾಳೆ,” ಎಂದು ಮಾವ ನಕ್ಕರು. ಬಲಗೈಯನ್ನು ಮಾತ್ರ ಜೇಬಿಗೆ ಇಳಿಸಿದರು.

ಆ ಮೂಲೆಗಳು ಯಾಕೆ ಸೋರುತ್ತಿವೆಯೆಂದು ಬರ್ನಡೆಟ್‌ಗೆ ಆಗ ಹೊಳೆಯಿತು. ಇನ್ನೊಂದು ಚೀಟಿ ಕಟ್ಟಿದರೆ ಅದರ ನಕಲೂ ನೇರ ಮಾವನ ಜಾಗಕ್ಕೆ. ನಾಲ್ಕು ಚೀಟಿಯಾದರೆ ಪೀವಿ ಬಂದು ನಿಲ್ಲುತ್ತಾನೆ, ಕೈ ನೋಡುತ್ತಾನೆ. ಬೇರೆ ಕೆಲಸ ಎಲ್ಲಿದೆ? ಕಸ ಗುಡಿಸುವ ಜಾಗಗಳನ್ನೂ ಕಿತ್ತುಹಾಕಿದ್ದಾರೆ. ಮನೆಗೆ ಕಳಿಸಿದರೆ ಮೇ ಹನ್ನೊಂದು ಏನಾಗುತ್ತದೆ? ಯಾರನ್ನಾದರೂ ಕೇಳಲೂ ಹೆದರಿಕೆ, ಕೇಳಿದರೇ ಗೊತ್ತಾಗಿಬಿಡುತ್ತದಲ್ಲ.

ಮರುದಿನದಿಂದ ಅವಳು ಚೀಟಿ ಕಟ್ಟಲಿಲ್ಲ. ರಿಪೇರಿ ಮೇಜಿನಿಂದ ಒಂದು ಉಂಡೆ ಕಪ್ಪು ಅಂಟು ತೆಗೆದು, ಮೇಣದ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಳು. ಮೂಲೆ ಸೋರಿದರೆ ನೀರು ನಿಂತ ಮೇಲೆ ಒಳಗಿನಿಂದ ಹೆಬ್ಬೆರಳಲ್ಲಿ ಅಂಟು ಒತ್ತುವುದು, ಒರೆಸುವುದು, ಮುದ್ರೆ ಒತ್ತುವುದು. ಹನಿ ಒಳಗೆ ಬೀಳುವುದಿಲ್ಲ, ಅಷ್ಟೇ. ನೀರು ಗಾಜಿನ ಕೆಳಗೆ ನಿಂತು, ಒಂದೆರಡು ತಿಂಗಳಲ್ಲಿ ಬೇರೆ ದಾರಿ ಹುಡುಕಿಕೊಂಡು ವೈರುಗಳ ಮೇಲೆ ಇಳಿಯುತ್ತದೆ. ಏಳು ವರ್ಷ ಹನಿಯ ಹಿಂದೆ ಬಿದ್ದವಳಿಗೆ ಅದು ಗೊತ್ತಿಲ್ಲದ್ದಲ್ಲ. ಗೊತ್ತಿದ್ದರಿಂದಲೇ ಅಂಥ ಒಂದೊಂದು ಕಾರಿನ ನಂಬರನ್ನೂ ರೀಟಾಳ ಚುಚ್ಚುಮದ್ದಿನ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡುತ್ತಿದ್ದಳು. ಬರೆದಿಟ್ಟು ಏನು ಮಾಡುತ್ತೇನೆಂದು ಅವಳಿಗೇ ತಿಳಿದಿರಲಿಲ್ಲ. ಬರೆಯದಿದ್ದರೆ ರಾತ್ರಿ ಕಣ್ಣು ಮುಚ್ಚುತ್ತಿರಲಿಲ್ಲ, ಬರೆದರೂ ಮುಚ್ಚುತ್ತಿರಲಿಲ್ಲ.

ಆ ವಾರಗಳಲ್ಲೇ ಒಂದು ಸುದ್ದಿ ಹಬ್ಬಿತು. ಜಪಾನಿನವರಿಗೆ ಎದುರಾಗಿ ಕಂಪನಿ ಒಂದು ಚಿಕ್ಕ ಕಾರು ಮಾಡುತ್ತದಂತೆ. ಅದು ಇಲ್ಲಿಗೆ ಬರಬೇಕು, ಇಲ್ಲವೇ ಒಹಾಯೋದಲ್ಲಿರುವ ಕಂಪನಿಯ ಇನ್ನೊಂದು ಕಾರ್ಖಾನೆಗೆ ಹೋಗಬೇಕು. ಸಿಗದಿದ್ದವರ ಬಾಗಿಲು ಮುಚ್ಚುತ್ತದೆ. ಯಾರ ಕಾರಿನ ಮೇಲೆ ಕಾರು ಮಾರುವ ಅಂಗಡಿಯವರಿಂದ ಹೆಚ್ಚು ದೂರು ಬರುತ್ತದೋ ಅವರಿಗೆ ಸಿಗುವುದಿಲ್ಲ. ತೀರ್ಮಾನ ಮೇ ಮೊದಲ ವಾರ.

ಭಾನುವಾರ ಕಾರ್ಮಿಕ ಸಂಘದವರು ತಮ್ಮ ಕಚೇರಿಯ ಮುಂದೆ ಒಂದು ಹಳೆಯ ಜಪಾನಿ ಕಾರನ್ನು ನಿಲ್ಲಿಸಿ, ಬಂದವರ ಕೈಗೆಲ್ಲ ಸುತ್ತಿಗೆ ಕೊಟ್ಟು ಹೊಡೆಸಿದರು. ಲೆನ್ ಮೂರು ಏಟು ಹಾಕಿದ. ಏಳು ತಿಂಗಳ ಸಿಟ್ಟು.

“ನೀನೂ ಒಂದು ಹಾಕು, ಬರ್ನಿ. ಮನಸ್ಸು ಹಗುರಾಗತ್ತೆ.”

“ನನ್ನ ಭುಜ ನೋಯ್ತಿದೆ.”

ಜನ ಕಾಫಿಗೆ ಹೋದಾಗ ಅವಳು ಒಡೆದ ಕಿಟಕಿಯಿಂದ ಕೈ ತೂರಿಸಿ, ಮುಂಗಾಜಿನ ಬಲ ಮೂಲೆಯ ಕೆಳಗೆ ಕಾಲಿಡುವ ಕಡೆ ಚಾಪೆ ಮುಟ್ಟಿ ನೋಡಿದಳು. ಶನಿವಾರವೆಲ್ಲ ಹಿಮ ಬೆರೆತ ಮಳೆ ಸುರಿದಿತ್ತು. ಬಯಲಲ್ಲೇ ನಿಂತಿದ್ದ ಆ ಕಾರಿಗೆ ಎಂಟು ವರ್ಷ ವಯಸ್ಸು. ಚಾಪೆ ಒಣಗಿತ್ತು. ಅವಳು ಕೈಯನ್ನು ಬೇಗ ಹಿಂದೆಗೆದುಕೊಂಡಳು, ಯಾರದೋ ಮನೆಯಲ್ಲಿ ಡಬ್ಬಿ ತೆರೆದು ಸಿಕ್ಕಿಬಿದ್ದವಳಂತೆ.

ಈಸ್ಟರಿಗೆ ಮುಂಚಿನ ಉಪವಾಸ ಬುಧವಾರದಿಂದ. ಅದರ ಹಿಂದಿನ ಮಂಗಳವಾರ ಹ್ಯಾಮ್‌ಟ್ರ್ಯಾಮಿಕ್‌ನ ಪ್ರತಿ ಮನೆಯಲ್ಲೂ ಪೊಂಚ್ಕಿ ತಿನ್ನುತ್ತಾರೆ: ಒಳಗೆ ಹಣ್ಣಿನ ಪಾಕ, ಹೊರಗೆ ಸಕ್ಕರೆ ಪುಡಿ, ಎಣ್ಣೆಯಲ್ಲಿ ಕರಿದ ಉಂಡೆ. ಊಟದ ಮೇಜಿನ ಮೇಲೆ ಬರ್ನಡೆಟ್ ಒಂದನ್ನು ಮುರಿದು ಮಗಳ ತಟ್ಟೆಗಿಟ್ಟಳು. ಮಾವ ಅವಳ ಕೈಯನ್ನೇ ನೋಡುತ್ತಿದ್ದರು. ಬಿಳಿ ಸಕ್ಕರೆಯ ನಡುವೆ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಕಪ್ಪು ಗೆರೆ.

“ಅದೇನು ಕೈಗೆ?”

“ಗ್ರೀಸು, ಮಾವ.”

“ಗ್ರೀಸು ಸೋಪಲ್ಲಿ ಹೋಗತ್ತೆ.” ಅವರು ತಮ್ಮ ಎಡಗೈಯನ್ನು ಮೇಜಿನ ಮೇಲೆ ಚಾಚಿದರು. ಐದು ಉಗುರಿನಲ್ಲೂ ಅದೇ ಕಪ್ಪು. “ಇದು ನನ್ನ ಗಾಜಿನ ಅಂಟು. ಮೂವತ್ತು ವರ್ಷದಿಂದ ಇದನ್ನ ಹೊತ್ಕೊಂಡೇ ಊಟ ಮಾಡ್ತಿದೀನಿ. ನೀರಿನ ಗೂಡಲ್ಲಿರೋ ನಿನ್ನ ಕೈಗೆ ಹೇಗೆ ಬಂತು?”

ಲೆನ್ ತಿನ್ನುವುದನ್ನು ನಿಲ್ಲಿಸಿದ. “ಅಪ್ಪ, ಏನದು?”

“ನೀನು ಸುಮ್ನಿರು. ಬರ್ನಿ, ಎಷ್ಟು ಕಾರು?”

ಸುಳ್ಳು ಹೇಳಬೇಕೆಂದು ಅವಳು ಬಾಯಿ ತೆರೆದಳು. ಬಂದದ್ದು ಲೆಕ್ಕ. “ಐವತ್ತೆಂಟು.”

ಮಾವ ಚಾಚಿದ ಕೈಯನ್ನು ಹಿಂದೆಗೆದುಕೊಂಡರು. ರೀಟಾ ತಟ್ಟೆಯ ಸಕ್ಕರೆ ನೆಕ್ಕುತ್ತಿದ್ದಳು, ಯಾರೂ ತಡೆಯಲಿಲ್ಲ.

“ನನಗೆ ಒಂದು ಮಾತು ಹೇಳೋಕಾಗ್ಲಿಲ್ವಾ?”

“ನಿಮ್ಮ ಕೈ ವಿಷಯ ನೀವು ನಮಗೆ ಹೇಳಿದ್ರಾ, ಮಾವ?”

“ಹೇಳಿದ್ರೆ ನೀನು ನಿದ್ದೆ ಬಿಡ್ತೀಯ ಅಂತ ಹೇಳ್ಲಿಲ್ಲ ಕಣೆ.”

“ಬಿಟ್ಟಾಯ್ತಲ್ಲ.”

ಕಾಜಿಮಿರ್ ಬಲಗೈಯ ಬೆರಳುಗಳನ್ನು ಮಡಿಸಲು ನೋಡಿದರು. ಕೊನೆಯ ಎರಡು ಮಡಿಯಲಿಲ್ಲ. “ಒತ್ತಿದ್ದು ಒತ್ತಿದ ಹಾಗೆ ಅನ್ನಿಸ್ತಾನೇ ಇಲ್ಲ. ಚೀಟಿ ಬರೋದು ನಿಂತ್ಮೇಲೆ ಗಾಜು ಕೂತ್ಕೊಳ್ತಿದೆ ಅಂತ್ಲೇ ಅನ್ಕೊಂಡಿದ್ದೆ,” ಎಂದರು. ಆಮೇಲೆ, “ಆ ಕಾರುಗಳು ದೂರಾಗಿ ವಾಪಸ್ ಬಂದ್ರೆ ನನ್ನ ಮೂವತ್ತು ವರ್ಷ ಉಳಿಯುತ್ತೇನು? ಬಾಗಿಲೇ ಹೋಗತ್ತೆ. ಬೆಳಿಗ್ಗೆ ಪೀವಿ ಹತ್ರ ಹೋಗೋಣ, ಇಬ್ರೂ.”

“ನನ್ನ ಕೆಲಸ ಕಿತ್ಕೊಂಡ್ರೆ? ಮೂರೂ ಜನ ಮನೇಲಿ ಕೂತ್ರೆ ರೀಟಾಗೇನು ಮಾಡ್ಲಿ?”

ಮಾವ ತಮ್ಮ ಪಾಲಿನ ಪೊಂಚ್ಕಿಯನ್ನು ರೀಟಾಳ ತಟ್ಟೆಗೆ ಸರಿಸಿದರು.

ಬುಧವಾರ ಆರು ಗಂಟೆಗೆ ಪೀವಿ ಎಲ್ಲವನ್ನೂ ನಿಂತೇ ಕೇಳಿದ. ಚುಚ್ಚುಮದ್ದಿನ ಪುಸ್ತಕವನ್ನು ತಿರುಗಿಸಿ ನೋಡಿದ, ಮುಂದೆ ದಡಾರ, ಹಿಂದೆ ಕಾರಿನ ನಂಬರು.

“ಇಷ್ಟು ಚಂದ ಬರೆದಿಟ್ಟು ಕಳ್ಳತನ ಮಾಡೋಳನ್ನ ನಾನು ನೋಡೇ ಇಲ್ಲ,” ಎಂದ. ನಗಲಿಲ್ಲ. “ನಿನ್ನನ್ನ ಈಗ್ಲೇ ಗೇಟಿಂದಾಚೆ ಹಾಕ್ಬೇಕು, ಗೊತ್ತೇನು?”

“ಗೊತ್ತು.”

“ಹಾಕಿದ್ರೆ ಇದನ್ನ ಹುಡುಕೋರ್ಯಾರು? ಮೊದ್ಲು ಹುಡುಕು. ಆಮೇಲೆ ಮೂರು ದಿನ ಸಂಬಳ ಇಲ್ದೆ ಮನೇಲಿರು. ಮೇಲಿನೋರಿಗೆ ಇಷ್ಟು ಸಾಕಾಗದಿದ್ರೆ ನಾನೇನೂ ಮಾಡಕ್ಕಾಗಲ್ಲ.” ಆಮೇಲೆ ಮುದುಕನ ಕಡೆ ತಿರುಗಿದ. “ಕಾಜ್, ನಾಳೆ ಡಾಕ್ಟರ ಹತ್ರ ಹೋಗು. ಕಾಯಿಲೆ ರಜೆ ಬರೀತಾರೆ. ಆ ರಜೆಯೂ ಸೇವೆಗೆ ಸೇರತ್ತೆ. ಆದ್ರೆ ಮೇ ಹನ್ನೊಂದಕ್ಕೆ ಈ ಕಾರ್ಖಾನೆ ನಡೀತಿರ್ಬೇಕು. ಅದು ನನ್ನ ಕೈಲಿಲ್ಲ.”

ಕೊಳ್ಳುವವರಿಲ್ಲದೆ ಕಾರುಗಳು ಹಿಂದಿನ ಅಂಗಳ ತುಂಬಿ, ಬೇಲಿ ದಾಟಿ, ರೈಲು ಹಳಿಯವರೆಗೂ ನಿಂತಿದ್ದವು. ಮೇಲೆ ಒಂದು ಗೇಣು ಹಿಮ. ಮಾವ ಸೊಸೆ ಇಬ್ಬರೂ ಪೊರಕೆ ಹಿಡಿದು ಸಾಲು ಸಾಲಾಗಿ ಗಾಜು ಗುಡಿಸುತ್ತ ನಂಬರು ಹುಡುಕಿದರು. ಕಾರು ಮಾರಾಟವಾಗದೆ ನಿಂತಿದೆಯೆಂದು ಬರ್ನಡೆಟ್ ದೇವರಿಗೆ ಕೃತಜ್ಞತೆ ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಅದಕ್ಕೂ ಹೆದರಿದಳು.

ಮೊದಲು ಸಿಕ್ಕ ಕಾರಿನ ಬಾಗಿಲನ್ನು ಮಾವ ಎಡಗೈಯಲ್ಲಿ ತೆರೆದರು. ಒಳಗೆ ಕೂತು, ಮೂಲೆಯ ಅಂಟನ್ನು ಉಗುರಿನಿಂದ ಕೆದಕಿ ತೆಗೆದು, ಕೆಳಗೆ ಬೆರಳಿಟ್ಟು ನೋಡಿದರು.

“ಚೀಟಿ ಕೊಡು.”

“ನಾನು ಬರೀತೀನಿ ಬಿಡಿ, ಮಾವ.”

“ನನ್ನ ತಪ್ಪನ್ನ ನಾನೇ ಬರೀತೀನಿ. ಅಕ್ಷರ ಕೋಳಿ ಕೆದಕಿದ ಹಾಗಿದ್ರೂ ಪರ್ವಾಗಿಲ್ಲ.”

ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ನಲವತ್ತೊಂದು ಕಾರಿಗೆ ಚೀಟಿ ಕಟ್ಟಿದ್ದರು. ಇನ್ನು ಹುಡುಕಲು ಸಾಲುಗಳು ಉಳಿದಿರಲಿಲ್ಲ. ಪೀವಿ ಸಾಗಣೆಯ ಕಾಗದ ನೋಡಿಕೊಂಡು ಬಂದ.

“ಹದಿನೇಳು ಹೋಗಿದಾವೆ. ಹೋದ ವಾರದ ರೈಲಲ್ಲಿ.”

“ಎಲ್ಲಿಗೆ?” ಎಂದಳು ಬರ್ನಡೆಟ್.

“ಐಯೋವಾ. ಕೆಲವು ನೆಬ್ರಾಸ್ಕಾ. ಅಂಗಡಿಯೋರಿಗೆ ಫೋನ್ ಮಾಡ್ತೀನಿ. ಮಾರಿಬಿಟ್ಟಿದ್ರೆ ಕೊಂಡೋನ ಹುಡುಕ್ಬೇಕು. ಹೊಸ ಕಾರು ತಂದ ಖುಷೀಲಿರೋನು ಅದನ್ನ ವಾಪಸ್ ಬಿಡ್ತಾನೋ ಇಲ್ವೋ.”

ಕಾಜಿಮಿರ್ ಪೊರಕೆಗೆ ಅಂಟಿದ್ದ ಹಿಮ ಕೊಡವಿದರು. “ಆ ಕಡೆ ಈಗ ಹಿಮ ತಾನೇ? ಹಿಮ ಸೋರಲ್ಲ.”

“ಮಳೆ ಯಾವಾಗ ಶುರುವಾಗತ್ತೆ ಅಲ್ಲಿ?” ಎಂದು ಕೇಳಿದಳು ಸೊಸೆ.

“ಏಪ್ರಿಲ್,” ಎಂದ ಪೀವಿ.

ಬರ್ನಡೆಟ್ ಬೆರಳು ಮಡಿಸಿ ವಾರ ಎಣಿಸಿದಳು. ಏಪ್ರಿಲಿಗೆ ನಾಲ್ಕು. ಚಿಕ್ಕ ಕಾರಿನ ತೀರ್ಮಾನಕ್ಕೆ ಒಂಬತ್ತು. ಮೇ ಹನ್ನೊಂದಕ್ಕೆ ಹತ್ತು. ತಪ್ಪಾಯಿತೇನೋ ಎಂದು ಮೊದಲಿನಿಂದ ಇನ್ನೊಮ್ಮೆ ಎಣಿಸಿದಳು.