ಹನ್ನೊಂದು ದಂಡನಾಯಕರು, ಹತ್ತು ಕುರಿತಲೆ

ತಿಯೆನ್ ಶಾನ್ ತಪ್ಪಲಿನ ನಮ್ಮ ಸೇನಾ ಕಚೇರಿಯಲ್ಲಿ ಮಹಾದಂಡನಾಯಕರ ಚರಿತ್ರೆ ಬೇಕೆಂದು ಗ್ರಂಥಾಲಯಕ್ಕೆ ಹೋಗುವವರು ದಡ್ಡರು; ಅಡುಗೆಮನೆಗೆ ಹೋಗಿ ಕೆಂಜೆಬೆಕ್‌ನನ್ನು ಕೇಳಬೇಕು. ಹೊಸಬರು ಪದವಿಗೇರಿದ ದಿನ ಬೇಯಿಸಿದ ಕುರಿಯ ತಲೆಯನ್ನು ಅವರ ಮುಂದಿಡುವುದು ವಾಡಿಕೆ. ಇವನು ಕಂಡದ್ದು ಹನ್ನೊಂದು ಮಂದಿಯನ್ನು, ಬೇಯಿಸಿದ್ದು ಹತ್ತು ತಲೆ. ಬಿಳಿ ಕಲ್ಪಕ್ ಟೋಪಿಯನ್ನು ಹಿಂದಕ್ಕೆ ಸರಿಸಿ, ಸೌಟನ್ನು ಬೆತ್ತದಂತೆ ಹಿಡಿದು ಪಾಠ ಶುರುಮಾಡುತ್ತಾನೆ: "ಎರಡನೇ ಸಾಹೇಬ್ರು ಎರಡೂ ಕಣ್ಣು ತಿಂದ್ರು, ಆದ್ರೂ ಶತ್ರು ಬಂದಿದ್ದು ಕಾಣ್ಲಿಲ್ಲ. ಐದನೆಯೋರು ನಾಲಿಗೆ ಬಿಟ್ಟು ಬೇರೇನೂ ಮುಟ್ಲಿಲ್ಲ. ಆಮೇಲೆ ಟೀವಿ ಬಿಟ್ಟು ಬೇರೆಲ್ಲೂ ಯುದ್ಧ ಮಾಡ್ಲಿಲ್ಲ. ಎಂಟನೆಯೋರಿಗೆ ಪಾಪ, ತಲೆ ಬೇಯೋದ್ರೊಳಗೆ ಪದವೀನೇ ಹೋಯ್ತು. ಅದೇ ತಲೇನ ಒಂಬತ್ತನೆಯೋರಿಗೆ ಬಿಸಿಮಾಡಿ ಕೊಟ್ಟೆ!" ಆರನೆಯವರ ಸುದ್ದಿಯನ್ನು ಮಾತ್ರ ಎತ್ತುವುದಿಲ್ಲ. ಹಿರಿಯರ ಮಾತು ಕೇಳಲಿ ಎಂದು ಹೊಸ ದಂಡನಾಯಕರು ಕುರಿತಲೆಯ ಕಿವಿಯನ್ನು ಕೊಯ್ದು ಪಂಕ್ತಿಯ ಅತಿ ಕಿರಿಯನಿಗೆ ಕೊಡುವುದು ಪದ್ಧತಿ. ಆರನೆಯವರ ಕೈಯಿಂದ ಕಿವಿ ಪಡೆದು ತಿಂದ ಸೈನಿಕ ಕೆಂಜೆಬೆಕ್‌ನ ಮಗ. ಹಿಮ ಕರಗುವ ಮುನ್ನವೇ ಗಡಿಯ ಕಣಿವೆ ದಾಟು ಎಂದು ಅವರು ಅಪ್ಪಣೆ ಕೊಟ್ಟರು. ಹುಡುಗ ಮಾತು ಕೇಳಿದ, ಹಿಂತಿರುಗಲಿಲ್ಲ. ಅಂದಿನಿಂದ ಈ ಅಡುಗೆಮನೆಯಿಂದ ಹೊರಟ ಯಾವ ತಲೆಗೂ ಕಿವಿಯಿಲ್ಲ. ಮೊನ್ನೆ ಹನ್ನೊಂದನೆಯವರು ಚಾಕು ಹಿಡಿದುಕೊಂಡೇ ಕೇಳಿದರು: "ಏನಯ್ಯಾ, ಕಿವಿ ಎಲ್ಲಿ?" ಕೆಂಜೆಬೆಕ್ ಎದೆಯ ಮೇಲೆ ಕೈಯಿಟ್ಟು ಬಾಗಿ, "ಹುಟ್ಟು ಕಿವುಡು ಕುರಿ, ಸಾಹೇಬ್ರೇ," ಎಂದ.