ಭಾವನ ಫ್ಲಾಟ್ ಶೂ ಮತ್ತು ಮೀನಖಂಡ

ರಾಜಾಜಿನಗರದ ಆ ಶೂ ಅಂಗಡಿಯಲ್ಲಿ ಇದ್ದವರು ಮೂರೇ ಜನ: ನಾನು, ನನ್ನ ಭಾವ, ಭಾವನ ಪಾದದ ಬಳಿ ಮಂಡಿಯೂರಿದ್ದ ಸೇಲ್ಸ್‌ಮನ್. ಭಾವನಿಗೆ ಸಕ್ಕರೆ ಕಾಯಿಲೆ. ಒಂದೂವರೆ ತಿಂಗಳಲ್ಲಿ ಇಳಿಯದಿದ್ದರೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದಿದ್ದರು ಡಾಕ್ಟರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಬ್ಬಿಣ ಕೊರೆದ ಧೀರರಿಗೆ ಸೂಜಿ ಕಂಡರೆ ತಲೆಸುತ್ತು. ಹಾಗಾಗಿ ಓಟ.

"ಫ್ಲಾಟ್ ಸೋಲ್ ಸಾರ್. ಹಿಮ್ಮಡಿ ಹತ್ರ ಎತ್ತರ ಇಲ್ಲ. ಬರಿಗಾಲಲ್ಲಿ ಓಡ್ದಂಗಿರತ್ತೆ," ಅಂದ ಸೇಲ್ಸ್‌ಮನ್.

"ಹಂಗಾದ್ರೆ ಬರಿಗಾಲಲ್ಲೇ ಓಡಿ ಭಾವ, ಪುಕ್ಕಟೆ."

"ಟೆಕ್ನಾಲಜಿ ನಿಂಗೆ ಗೊತ್ತಾಗಲ್ಲ ಕಣೋ, ಸುಮ್ನಿರು."

ಮನೆಗೆ ತಂದರೆ ಅಕ್ಕ ತಡೆದಳು. "ಪಿತೃಪಕ್ಷದಲ್ಲಿ ಹೊಸದು ಹಾಕ್ಕೋತಾರಾ ಯಾರಾದ್ರೂ? ಅಮಾವಾಸ್ಯೆ ಕಳೀಲಿ."

ದಪ್ಪ ಹಿಮ್ಮಡಿಯ ಹಳೇ ಶೂನಲ್ಲಿ ನಡೆಯುವುದಕ್ಕೆ ಯಾವ ಪಿತೃಗಳ ತಕರಾರೂ ಇರಲಿಲ್ಲ. ಆದರೆ ಕಪಾಟಿನಲ್ಲಿ ಟೆಕ್ನಾಲಜಿ ಇಟ್ಟುಕೊಂಡು ಹಳೇದರಲ್ಲಿ ನಡೆದರೆ ಭಾವನ ಘನತೆಗೆ ಕುಂದಲ್ಲವೇ. ಸಕ್ಕರೆಯೂ ಮಡಿವಂತ, ಪಕ್ಷ ಮುಗಿಯುವವರೆಗೆ ಕಾಯುತ್ತದೆ ಎಂದು ನಂಬಿ ಹದಿನೈದು ದಿನ ಸೋಫಾ ಬಿಟ್ಟೇಳಲಿಲ್ಲ.

ನವರಾತ್ರಿಯ ಮೊದಲ ದಿನ ಸ್ನಾನ, ಪೂಜೆ, ಶೂ. ಹದಿನೈದು ದಿನದ ಓಟವನ್ನು ಒಂದೇ ಬೆಳಗ್ಗೆ ಓಡಿಬಿಡುವ ಸಂಕಲ್ಪ. ಬಸವೇಶ್ವರನಗರದ ಪಾರ್ಕಿನಲ್ಲಿ ಐದನೇ ಸುತ್ತಿಗೆ ಬೆಂಚು ಹಿಡಿದು ನಿಂತರು. ಎರಡೂ ಕಾಲಿನ ಮೀನಖಂಡ ಕಲ್ಲಾಗಿದ್ದವು. ಆಟೋಗೆ ಹತ್ತಿಸಲು ನಾನೂ ಡ್ರೈವರೂ ಬೇಕಾಯಿತು.

ವಿಜಯನಗರದಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿ ಕಾಲು ಒತ್ತಿ ನೋಡಿದಳು. "ಹಿಮ್ಮಡಿ ಎತ್ತರ ಇದ್ರೆ ಮೀನಖಂಡಕ್ಕೆ ಎಳೆತ ಕಮ್ಮಿ ಅಂಕಲ್. ಫ್ಲಾಟ್ ಆದ್ರೆ ಜಾಸ್ತಿ ಕೆಲಸ. ಇಷ್ಟು ವರ್ಷ ದಪ್ಪ ಹಿಮ್ಮಡಿ ಶೂ ಹಾಕಿದೀರ. ದಿನಾ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡ್ಕೋಬೇಕಿತ್ತು."

"ಅಷ್ಟು ಕೆಲ್ಸ ಮಾಡಿದೆ ಅಂದ್ಮೇಲೆ ಸಕ್ಕರೆ ಇಳ್ದಿರಬೇಕಲ್ಲಮ್ಮ?"

"ಮೂರು ವಾರ ರೆಸ್ಟ್ ಮಾಡಿ ಅಂಕಲ್."

ಈ ಸಲ ವಿಶ್ರಾಂತಿಗೆ ಡಾಕ್ಟರ್ ಚೀಟಿಯೇ ಸಿಕ್ಕಿತು ಅಂದೆ. ಭಾವ ಕ್ಯಾಲೆಂಡರ್ ನೋಡುತ್ತಾ ಡಾಕ್ಟರ ಗಡುವಿಗೆ ಉಳಿದ ದಿನ ಎಣಿಸುತ್ತಿದ್ದರು.

ದೀಪಾವಳಿಯ ಹೊತ್ತಿಗೆ ರಕ್ತ ಪರೀಕ್ಷೆಯಾಯಿತು. ಸಕ್ಕರೆ ಇಳಿದಿರಲಿಲ್ಲ. ಮೊದಲ ಇನ್ಸುಲಿನ್ ಅಕ್ಕನೇ ಚುಚ್ಚಿದಳು. ಭಾವ ಕಣ್ಣು ಮುಚ್ಚಿ ನನ್ನ ಕೈ ಹಿಡಿದುಕೊಂಡಿದ್ದರು. "ಆಯ್ತಾ?" ಅಂದರು. ಆಗಲೇ ಆಗಿತ್ತು.